ಸಾಹುಕಾರರ ಮಾಳಿಗೆ ದಾಟಿ ಬಂದ ನೆಟ್

ನಾನು ಕೆಲಸ ಮಾಡುವ ಕಂಪನಿ ಹೊಸಪೇಟೆಯಲ್ಲಿ ಒಂದು ಮಹಡಿ ಬಾಡಿಗೆಗೆ ಹಿಡಿದಿತ್ತು. ಆಸ್ಪತ್ರೆಗಳು ವಿಮೆಗೆಂದು ಕಳಿಸುವ ಬಿಲ್ಲುಗಳನ್ನು ಕಂಪ್ಯೂಟರಿನಲ್ಲಿ ನೋಡಿ, ತಪ್ಪಿದ್ದರೆ ಹಿಂದಕ್ಕೆ ಕಳಿಸುವುದು ನಮ್ಮ ಕೆಲಸ. ಒಂದು ದಿನ ಮ್ಯಾನೇಜರು ನಮ್ಮನ್ನೆಲ್ಲ ಸೇರಿಸಿ, ನೌಕರರ ಕುಟುಂಬ ಜೀವನದ ಬಗ್ಗೆ ಕಂಪನಿಗೆ ಬಹಳ ಕಾಳಜಿ ಇರುವುದರಿಂದ ಇನ್ನು ಮೇಲೆ ಎಲ್ಲರೂ ಮನೆಯಲ್ಲೇ ಕೂತು ಕೆಲಸ ಮಾಡಬೇಕು ಎಂದರು. ಸ್ವಲ್ಪ ದಿನದಲ್ಲೇ ಆ ಮಹಡಿಗೆ ಬಟ್ಟೆ ಅಂಗಡಿ ಬಂತು, ನಾನು ಊರಿಗೆ ಬಂದೆ.

ನಮ್ಮೂರು ಕೊಟ್ಟೂರಿನಿಂದ ಕೂಡ್ಲಿಗಿ ಕಡೆಗೆ ಹೋಗುವಾಗ ಒಳಗೆ ತಿರುಗಿದರೆ ಸಿಗುತ್ತದೆ. ಅಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ನಮ್ಮ ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಒಂದೇ ದಿಕ್ಕಿಗೆ ನಿಲ್ಲಬೇಕಿತ್ತು. ನಾನು ಬಿಸಿಲಿನಲ್ಲಿ ಹಾಗೆ ನಿಂತು ಮೀಟಿಂಗಿಗೆ ಸೇರಿದರೆ, ಆ ಕಡೆಯಿಂದ ಮ್ಯಾನೇಜರು, 'ಮೇಡಂ, ನೀವು ಯಾವುದೋ ಗುಹೆಯಲ್ಲಿ ಇದ್ದ ಹಾಗೆ ಕೇಳುತ್ತೆ' ಎನ್ನುತ್ತಿದ್ದರು. ಹಾಗಂತ ನಮ್ಮೂರಿಗೆ ಇಂಟರ್ನೆಟ್ಟೇ ಬಂದಿರಲಿಲ್ಲ ಎಂದಲ್ಲ. ಪಂಚಾಯಿತಿ ಕಟ್ಟಡದವರೆಗೂ ನೆಲದೊಳಗೆ ವೈರು ಬಂದಿತ್ತು. ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿ, ಬೂಂದಿ ಹಂಚಿದ್ದೂ ಆಗಿತ್ತು. ಗೋಡೆಗೆ ಬಡಿದಿದ್ದ ಆ ಪೆಟ್ಟಿಗೆಯಲ್ಲಿ ಕೆಂಪು ದೀಪವೊಂದು ಅಂದಿನಿಂದ ಉರಿಯುತ್ತಲೇ ಇತ್ತು. ಕಾರ್ಯದರ್ಶಿಗಳು ಅದರ ಮೇಲೆ ಹೆಲ್ಮೆಟ್ ಇಡುತ್ತಿದ್ದರು.

ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದ ನನ್ನ ಅಪ್ಪ ಕೊಟ್ಟೂರಿಗೆ ಹೋಗಿ ಅಲ್ಲಿನ ಕೇಬಲ್ ಮಾಲೀಕರನ್ನು ಕರೆತಂದರು. ಆತ ಕೊಟ್ಟೂರಿನ ತುದಿಯ ತನ್ನ ಟವರಿನಿಂದ ಹಳ್ಳಿಗಳಿಗೆ ವೈರಿಲ್ಲದೆ ನೆಟ್ ಕೊಡುತ್ತಿದ್ದ. ಟವರಿನ ಮೇಲೆ ಒಂದು ಡಿಶ್, ನಮ್ಮ ಮನೆಯ ಮೇಲೆ ಒಂದು ಡಿಶ್. ಎರಡೂ ಒಂದನ್ನೊಂದು ನೋಡುತ್ತಿರಬೇಕು, ನಡುವೆ ಏನೂ ಅಡ್ಡ ಇರಬಾರದು. ಅಷ್ಟೇ ವಿದ್ಯೆ. ಆತ ನಮ್ಮ ಮಾಳಿಗೆ ಹತ್ತಿ, ಕೊಟ್ಟೂರಿನ ಕಡೆ ನೋಡಿ, ಕೂಡಲೇ ತಲೆಯಾಡಿಸಿದ.

'ಸಾವ್ಕಾರ್ರ ಮನಿ ಅಡ್ಡ ಐತಲ್ರಿ' ಎಂದ.

ಸಾಹುಕಾರರ ಮನೆ ಅಡ್ಡ ಇರುವುದು ನಮಗೆ ಹೊಸ ಸುದ್ದಿಯಾಗಿರಲಿಲ್ಲ. ನಮ್ಮದು ದಲಿತರ ಕೇರಿಯ ಮೊದಲ ಮನೆ. ಅವರದು ಊರಿನ ಕೊನೆಯ ಮನೆ. ನಡುವೆ ಒಂದು ಚರಂಡಿ. ಅವರು ಮೆಕ್ಕೆಜೋಳ, ಶೇಂಗಾ ಕೊಂಡು ಲಾರಿಗಟ್ಟಲೆ ಕಳಿಸುವ ವ್ಯಾಪಾರಿ. ಹಳೆಯ ಮನೆ ಕೆಡವಿ ಎರಡಂತಸ್ತು ಎಬ್ಬಿಸಿ, ಅದಕ್ಕೆ ಹೆಸರುಕಾಳಿನ ಹಿಟ್ಟಿನಂಥ ಹಸಿರು ಬಣ್ಣ ಬಳಿಸಿದ್ದರು. ಕೇಬಲ್ ಮಾಲೀಕ ಒಂದು ದಾರಿ ಹೇಳಿದ. ಡಿಶ್ಶನ್ನು ಸಾಹುಕಾರರ ಮಾಳಿಗೆಯ ಮೂಲೆಯಲ್ಲಿ ಕೂರಿಸಿ, ಅಲ್ಲಿಂದ ನಮ್ಮ ಮನೆಗೆ ವೈರು ಇಳಿಸಿದರೆ ಮುಗಿಯಿತು.

ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ನಾನೂ ಜೊತೆಗೆ ಹೋದೆ. ಸಾಹುಕಾರರು ನಮ್ಮನ್ನು ಬಹಳ ಮರ್ಯಾದೆಯಿಂದ ಕಟ್ಟೆಯ ಕೆಳಗೆ, ಅಂಗಳದಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದರು. ತಾವು ಕಟ್ಟೆಯ ಮೇಲೆ ಕೂತರು. ಹಣೆಯ ಮೇಲಿನ ವಿಭೂತಿ ಅಳಿಸದ ಹಾಗೆ ಬೆವರು ಒರೆಸಿಕೊಂಡು ನಮ್ಮ ಮಾತನ್ನೆಲ್ಲ ಕೇಳಿದರು.

'ನಮ್ದೇನೂ ಅಡ್ಡಿ ಇಲ್ಲಪ್ಪ. ಈಗಿನ ಕಾಲದಾಗ ಅಂಥಾವೆಲ್ಲ ಯಾರು ನೋಡ್ತಾರ? ಆದ್ರ ಮಾಳಿಗಿ ಮ್ಯಾಲ ಹೋಗಾಕ ಮೆಟ್ಲು ದೇವರ ಕ್ವಾಣಿ ಪಕ್ಕದಾಗ ಅದಾವ. ಮನ್ಯಾಗ ವಯಸ್ಸಾದವ್ರು ಅದಾರ. ಅವ್ರಿಗೆ ಹೆಂಗ ಹೇಳೂದು ನಾ?'

'ಕೂಡ್ರಿಸಾಕ ಹತ್ತೋದು ಕೇಬಲ್‌ನವ್ರು ರೀ, ನಾವಲ್ಲ' ಎಂದರು ಅಪ್ಪ.

'ಆದ್ರೂ ಡಿಶ್ ನಿಮ್ದ ಐತಲ್ಲಪ್ಪ' ಎಂದರು ಸಾಹುಕಾರರು. ಅಷ್ಟು ಹೇಳಿ, ತಮ್ಮ ಮಾತು ತಮಗೇ ಇರುಸುಮುರುಸಾಯಿತೇನೋ, 'ಅದಲ್ದ ಆ ಕಿರಣ ಮನುಷ್ಯಾರಿಗೆ ಒಳ್ಳೇದಲ್ಲ ಅಂತ ವಾಟ್ಸಾಪ್‌ನಾಗ ಬಂದಿತ್ತು' ಎಂದು ಸೇರಿಸಿದರು.

ಹೀಗೆ ನಮಗೆ ಗೊತ್ತಾದದ್ದು, ಡಿಶ್ಶಿಗೂ ಒಂದು ಕೇರಿ ಇರುತ್ತದೆ ಎಂಬುದು. ಚರಂಡಿ ದಾಟಿ ಮನೆಗೆ ಬರುವಾಗ ನಾನು ಕುದಿಯುತ್ತಿದ್ದೆ. ಅಪ್ಪ ಮಾತ್ರ ಬಸ್ಸಿನಲ್ಲಿ ಸ್ಟಾಪು ಬಂದಾಗ ಹೇಳುವಂತೆ, 'ಮುಂದಿನದು ನೋಡೋಣ ನಡಿಯವ್ವ' ಎಂದರು.

ನಮ್ಮ ಹೊಲದಲ್ಲಿ ನೀರು ಬೀಳದ ಬೋರ್‌ವೆಲ್ಲಿನಿಂದ ಎಳೆದು ತೆಗೆದಿದ್ದ ಕಬ್ಬಿಣದ ಕೇಸಿಂಗ್ ಪೈಪುಗಳಿದ್ದವು. ಅಪ್ಪ ಅವನ್ನು ಕೊಟ್ಟೂರಿಗೆ ಒಯ್ದು ಒಂದಕ್ಕೊಂದು ವೆಲ್ಡಿಂಗ್ ಮಾಡಿಸಿ ತಂದರು. ಕೇರಿಯ ಗಂಡಸರೆಲ್ಲ ಸೇರಿ ಅದನ್ನು ನಮ್ಮ ಮಾಳಿಗೆಗೆ ಏರಿಸಿ, ಮೂರು ಕಡೆ ತಂತಿ ಎಳೆದು ಬಿಗಿದರು. ಹೆಂಗಸರು ಕೆಳಗೆ ನಿಂತು, ಎಡಕ್ಕೆ ಬಾಗಿದೆ, ಬಲಕ್ಕೆ ಬಾಗಿದೆ ಎಂದು ಒಬ್ಬರಿಗೊಬ್ಬರು ವಿರುದ್ಧವಾಗಿ ಕೂಗಿದರು. ಕಂಬದ ತುದಿಯ ಡಿಶ್ ಸಾಹುಕಾರರ ಪ್ಯಾರಾಪೆಟ್ಟಿನ ಮೇಲಿಂದ ತಲೆಯೆತ್ತಿ ಕೊಟ್ಟೂರಿನತ್ತ ನೋಡಿತು. ಒಳಗೆ ರೂಟರಿನಲ್ಲಿ ಹಸಿರು ದೀಪ ಬಂತು. ಅಂದು ಮೀಟಿಂಗಿನಲ್ಲಿ ನನ್ನ ಮುಖ ಮೊದಲ ಸಲ ಸ್ಪಷ್ಟವಾಗಿ ಕಂಡ ಮ್ಯಾನೇಜರು, 'ಓ, ಹೊಸಪೇಟೆಗೆ ವಾಪಸ್ ಬಂದಿರಾ?' ಎಂದು ಕೇಳಿದರು.

ವಾರ ಕಳೆಯುವುದರೊಳಗೆ ಪಂಚಾಯಿತಿ ಕಾರ್ಯದರ್ಶಿಗಳು ಮನೆ ಬಾಗಿಲಿಗೆ ಬಂದರು. ನಮ್ಮ ಕಂಬ ಊರ ಗುಡಿಯ ಕಳಸಕ್ಕಿಂತ ಎತ್ತರವಾಗಿದೆ, ಇದರಿಂದ ಊರಿಗೆ ಒಳ್ಳೆಯದಾಗುವುದಿಲ್ಲ ಎಂದು ದೂರು ಬಂದಿದೆಯಂತೆ. ಯಾರ ದೂರು ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಮಾಳಿಗೆ ಹತ್ತಿ, ಟ್ಯಾಂಕಿಗೆ ಬೆನ್ನು ಕೊಟ್ಟು, ಕತ್ತು ಹಿಂದಕ್ಕೆ ಬಾಗಿಸಿ ಕಂಬವನ್ನು ನೋಡುತ್ತಿದ್ದಾಗಲೇ ಅವರ ಫೋನ್ ಬಡಿದುಕೊಂಡಿತು. ಜಿಲ್ಲೆಯಿಂದ ಯಾವುದೋ ಯೋಜನೆಯ ಫೋಟೋಗಳನ್ನು ಇನ್ನೂ ಯಾಕೆ ಕಳಿಸಿಲ್ಲ ಎಂದು ಬೈಗುಳ. ಕಾರ್ಯದರ್ಶಿಗಳು, 'ಹೂಂ ಸರ್, ಆತು ಸರ್' ಎಂದು ಬೆವೆತರು. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, 'ಮೇಡಂ, ನಿಮ್ದು ಸ್ಪೀಡ್ ಹೆಂಗೈತ್ರಿ?' ಎಂದರು.

ಅಂದು ಮಧ್ಯಾಹ್ನವೆಲ್ಲ ಅವರು ನಮ್ಮ ಪಡಸಾಲೆಯಲ್ಲಿ, ಗೋಡೆಯ ಬುದ್ಧನ ಪಟದ ಕೆಳಗೆ ಕೂತು ಸರ್ಕಾರದ ಕೆಲಸ ಮಾಡಿದರು. ಅಮ್ಮ ಮಂಡಕ್ಕಿ ಒಗ್ಗರಣೆ ಮಾಡಿಕೊಟ್ಟಳು. ಹೋಗುವಾಗ ಕಂಬವನ್ನು ಇನ್ನೊಮ್ಮೆ ನೋಡಿ, 'ನನಗ್ಯಾಕೋ ಗುಡಿಗಿಂತ ಗಿಡ್ಡನ ಕಾಣ್ತೈತಿ' ಎಂದರು. ಆ ಮೇಲೆ ತಿಂಗಳಿಗೊಮ್ಮೆಯಾದರೂ ಕಂಬವನ್ನು ಪರಿಶೀಲಿಸಲು ಬರತೊಡಗಿದರು. ಬರುವಾಗ ಲ್ಯಾಪ್‌ಟಾಪ್ ತರುತ್ತಿದ್ದರು.

ಸಾಹುಕಾರರ ಸೊಸೆಯನ್ನು ನಾನು ಅದುವರೆಗೆ ಬಟ್ಟೆ ಒಣಹಾಕುವಾಗ ದೂರದಿಂದ ನೋಡಿದ್ದೆನಷ್ಟೇ. ಡಿಗ್ರಿ ಮುಗಿಸಿದ ಹುಡುಗಿ, ಹರಪನಹಳ್ಳಿ ಕಡೆಯವಳು. ಒಂದು ಮಧ್ಯಾಹ್ನ ನಾನು ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದಾಗ ಮೇಲಿನಿಂದ ದನಿ ಬಂತು.

'ಅಕ್ಕಾ, ನಿಮ್ಮ ವೈಫೈ ನಮ್ಮ ಹಿಂದಿನ ರೂಮಿನಾಗ ತೋರಸ್ತೈತಿ. ಪಾಸ್‌ವರ್ಡ್ ಕೊಡ್ತೀರೇನು? ಸರ್ಕಾರಿ ನೌಕರಿ ಪರೀಕ್ಷೆಗೆ ಓದ್ಬೇಕು, ವಿಡಿಯೋ ಪಾಠ ಅದಾವ.'

'ನಿಮ್ಮ ಮನ್ಯಾಗ ಹಾಕಿಸ್ಕೋಬಹುದಲ್ಲ?'

'ಹೆಣ್ಮಕ್ಕಳಿಗೆ ನೆಟ್ ಯಾತಕ್ಕ ಅಂತಾರ ಮಾವ.'

ನನಗೆ ಒಂದು ಕ್ಷಣ ಇಲ್ಲ ಎನ್ನಬೇಕೆನಿಸಿದ್ದು ನಿಜ. ಅಂಗಳದ ಪ್ಲಾಸ್ಟಿಕ್ ಕುರ್ಚಿ ಇನ್ನೂ ಬೆನ್ನಿಗೆ ಒತ್ತುತ್ತಿತ್ತು. ಆದರೆ ಆ ಕುರ್ಚಿ ಹಾಕಿದವಳು ಅವಳಲ್ಲ. ಕೊಟ್ಟೆ. ಅವಳು ಅದನ್ನು ಬರೆದುಕೊಳ್ಳಲಿಲ್ಲ, ಬಾಯಿಪಾಠ ಮಾಡಿಕೊಂಡಳು.

ಆಮೇಲೆ ಸಾಹುಕಾರರಿಗೂ ಒಂದು ಕಷ್ಟ ಬಂತು. ಲಾರಿ ಹೊರಡುವ ಮೊದಲು ಸರಕಿನ ಬಿಲ್ಲನ್ನು ನೆಟ್ಟಿನಲ್ಲೇ ಮಾಡಬೇಕು. ಅವರ ಮೊಬೈಲಿಗೆ ಸಿಗ್ನಲ್ ಸಿಗದೆ ಗುಮಾಸ್ತ ಬೈಕ್ ಹತ್ತಿ ಕೊಟ್ಟೂರಿಗೆ ಓಡುತ್ತಿದ್ದ. ಒಂದು ದಿನ ಸೊಸೆ, 'ನಾ ಮಾಡಿಕೊಡ್ಲೇನ್ರಿ ಮಾವಾರ?' ಎಂದು ಹಿಂದಿನ ಕೋಣೆಗೆ ಹೋಗಿ ಕ್ಷಣದಲ್ಲಿ ಬಿಲ್ಲು ತೆಗೆದುಕೊಟ್ಟಳಂತೆ. ನೆಟ್ ಎಲ್ಲಿಂದ ಬಂತು ಎಂದು ಅವರು ಕೇಳಿದಾಗ, 'ಗಾಳ್ಯಾಗಿಂದ ಬರ್ತೈತ್ರಿ' ಎಂದಳಂತೆ. ಇದನ್ನೆಲ್ಲ ಅವಳೇ ಪ್ಯಾರಾಪೆಟ್ಟಿನ ಮೇಲಿಂದ ನನಗೆ ಹೇಳಿ ನಕ್ಕಳು. ಸಾಹುಕಾರರು ಆ ಗಾಳಿಯ ಕುಲಗೋತ್ರ ವಿಚಾರಿಸಲಿಲ್ಲ. ಲಾರಿಗಳು ಹೊತ್ತಿಗೆ ಸರಿಯಾಗಿ ಹೊರಡತೊಡಗಿದವು.

ಬೇಸಿಗೆ ಕೊನೆಯಲ್ಲಿ ಮಳೆಗಿಂತ ಮೊದಲು ಬೀಸುವ ಬಿರುಗಾಳಿ ಆ ವರ್ಷ ಜೋರಾಗಿಯೇ ಬಂತು. ಒಂದು ತಂತಿ ಹರಿದು, ನಮ್ಮ ಕಂಬ ಚರಂಡಿಯ ಮೇಲೆ ಬಾಗಿ, ಸಾಹುಕಾರರ ಪ್ಯಾರಾಪೆಟ್ಟಿಗೆ ಒರಗಿಕೊಂಡಿತು. ನೆಟ್ ಹೋಯಿತು. ಬೆಳಿಗ್ಗೆ ನಾನು ಆಫೀಸಿಗೆ ರಜೆ ಹೇಳಲು ಟ್ಯಾಂಕಿನ ಪಕ್ಕ ನಿಂತಿದ್ದಾಗ ಸಾಹುಕಾರರು ಸ್ವತಃ ತಮ್ಮ ಮಾಳಿಗೆಯ ಅಂಚಿಗೆ ಬಂದರು. ಕೆಳಗೆ ಲಾರಿ ನಿಂತಿತ್ತು.

'ಏ ಕಂಡಕ್ಟರಪ್ಪ, ಕಂಬ ಯಾವಾಗ ಎತ್ತುಸ್ತೀಯಪ್ಪ?'

ಅಪ್ಪ ಅಂಗಳದಿಂದಲೇ ತಲೆಯೆತ್ತಿ, 'ನಿಮ್ಮ ಮಾಳಿಗಿ ಮ್ಯಾಲಿಂದ ಎತ್ತಬೇಕ್ರಿ ಸಾವ್ಕಾರ್ರ. ಮೆಟ್ಲು ದೇವರ ಕ್ವಾಣಿ ಪಕ್ಕದಾಗ ಅದಾವಲ್ರಿ?' ಎಂದರು.

'ಏ, ಅದೇನ ಬಿಡಪ್ಪ. ಬಾ ಲಗೂನ, ಲಾರಿ ನಿಂತೈತಿ' ಎಂದರು ಸಾಹುಕಾರರು.

ಅಪ್ಪ, ನಾನು, ಕೇಬಲ್ ಮಾಲೀಕ, ಕೇರಿಯ ನಾಲ್ಕು ಜನ ಹೋದೆವು. ಮೆಟ್ಟಿಲುಗಳು ಮನೆಯ ಹೊರಗಿದ್ದವು. ಗೋದಾಮಿನ ಪಕ್ಕದ ಓಣಿಯಿಂದ ನೇರ ಮೇಲಕ್ಕೆ. ದೇವರ ಕೋಣೆ ಎಲ್ಲಿತ್ತೋ, ನಮಗೆ ಕಾಣಿಸಲೇ ಇಲ್ಲ. ಅಪ್ಪ ಮೊದಲ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತರು. ಗೋಡೆಗೆ ಕೈ ಕೊಟ್ಟು ಹತ್ತಿದರು. ಅವರ ಕಿವಿ ಕೆಂಪಾಗಿತ್ತು.

ಎಲ್ಲರೂ ಸೇರಿ ಕಂಬವನ್ನು ನೆಟ್ಟಗೆ ನಿಲ್ಲಿಸಿ, ಈ ಸಲ ಒಂದು ತಂತಿಯನ್ನು ಸಾಹುಕಾರರ ಪ್ಯಾರಾಪೆಟ್ಟಿಗೇ ಕೊಂಡಿ ಹೊಡೆದು ಬಿಗಿದೆವು. ಅದಕ್ಕೆ ಅವರು ಚಕಾರ ಎತ್ತಲಿಲ್ಲ. ಚಹಾ ತರಿಸಿದರು. ಕೇಬಲ್ ಮಾಲೀಕ ಅವರ ಪೈಕಿಯವನು, ಅವನಿಗೆ ಸ್ಟೀಲ್ ಲೋಟ. ನಮಗೆಲ್ಲ ಪೇಪರ್ ಕಪ್ಪು.

'ಇದು ಕ್ಲೀನು ನೋಡಪ್ಪ' ಎಂದರು ಸಾಹುಕಾರರು.

'ಹೌದ್ರಿ, ನಮಗೂ ಯಾರ‍್ಯಾರೋ ಕುಡಿದ ಲೋಟ ಆಗಿಬರಂಗಿಲ್ಲ' ಎಂದ ಅಪ್ಪ, ನಿಧಾನವಾಗಿ ಕುಡಿದು, ಕಪ್ಪನ್ನು ಮುದುಡಿ ಅವರ ಕೈಗೇ ಕೊಟ್ಟರು. ಎಲ್ಲಿ ಎಸೆಯುವುದೆಂದು ತಿಳಿಯದೆ ಸಾಹುಕಾರರು ಅದನ್ನು ಹಿಡಿದುಕೊಂಡೇ ನಿಂತರು.

ಆ ವರ್ಷದ ಗ್ರಾಮಸಭೆಯಲ್ಲಿ ಊರಿಗೆ ಇಂಟರ್ನೆಟ್ ತರಲು ತಮ್ಮ ಮಾಳಿಗೆಯನ್ನೇ ಬಿಟ್ಟುಕೊಟ್ಟ ಉದಾರಿ ಎಂದು ಸಾಹುಕಾರರಿಗೆ ಶಾಲು ಹೊದಿಸಿದರು. ಭಾಷಣ ಮಾಡಿದವರು ಕಾರ್ಯದರ್ಶಿಗಳು. ಅದನ್ನು ಅವರು ನಮ್ಮ ಪಡಸಾಲೆಯಲ್ಲಿ ಕೂತು ಬರೆದಿದ್ದರು, ಒಂದೆರಡು ಕಡೆ ಕಾಗುಣಿತ ತಿದ್ದಿಕೊಟ್ಟವಳು ನಾನೇ. ನಮ್ಮ ಕೇರಿಯವರು ಚಪ್ಪಾಳೆ ತಟ್ಟಲಿಲ್ಲ. ಕೆಲವರು ಕೆಮ್ಮಿದರು.

ಶಾಲು ಬಂದ ಮೇಲೆ ಸಾಹುಕಾರರು ತಮ್ಮ ಮನೆಗೂ ಪ್ರತ್ಯೇಕ ಡಿಶ್ ಹಾಕಿಸಿದರು. ನಮ್ಮದಕ್ಕಿಂತ ದೊಡ್ಡದು. ಕುಂಕುಮ ಹಚ್ಚಿ, ಕಾಯಿ ಒಡೆದರು. ಕಿರಣಗಳು ಅಷ್ಟರಲ್ಲಿ ಆರೋಗ್ಯಕ್ಕೆ ಒಳ್ಳೆಯವಾಗಿದ್ದವು. ಇನ್ನು ನಮ್ಮ ವೈಫೈ ಬೇಡವಾಗುತ್ತದೆ ಎಂದು ಸೊಸೆಗೆ ಹೇಳಿದೆ. ಅವಳು ಒಣಗಿದ ಸೀರೆ ಮಡಚುತ್ತಾ ಇಲ್ಲವೆಂದು ತಲೆಯಾಡಿಸಿದಳು.

'ನಿಮ್ದ ಇರ್ಲಿ ಅಕ್ಕಾ. ನಮ್ಮನಿದಕ್ಕ ಮಾವ ಪಾಸ್‌ವರ್ಡ್ ಹಾಕ್ಸ್ಯಾರ. ಯಾರಿಗೂ ಹೇಳಿಲ್ಲ. ಬಿಲ್ ಮಾಡೋವಾಗ ತಾವ ಒತ್ತಿ ಕೊಡ್ತಾರ.'

ಅವಳು ನಮ್ಮ ನೆಟ್ಟಿನಲ್ಲೇ ಓದಿ ಪರೀಕ್ಷೆ ಪಾಸಾದಳು. ಹಡಗಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಸಂಬಳದ ಮಾತು ಕಿವಿಗೆ ಬಿದ್ದ ಮೇಲೆ ಸಾಹುಕಾರರಿಗೆ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಮಹತ್ವ ತಿಳಿಯಿತು. 'ನಮ್ಮ ಸೊಸಿ ಮನ್ಯಾಗ ಕುಂತು ಓದಿ ಪಾಸಾಗ್ಯಾಳ, ಯಾರ ಹಂಗೂ ಇಲ್ಲ' ಎಂದು ಊರಿಗೆಲ್ಲ ಪೇಢೆ ಹಂಚಿಸಿದರು. ನಮ್ಮ ಮನೆಗೆ ಸೊಸೆಯೇ ತಂದಳು. ಮುಂಬಾಗಿಲಿನಿಂದ, ಹಾಡುಹಗಲೇ, ಚರಂಡಿ ದಾಟಿ ಬಂದು, ಅಡುಗೆಮನೆಯಲ್ಲಿ ಅಮ್ಮನ ಪಕ್ಕ ಕೂತು, ನಮ್ಮ ಲೋಟದಲ್ಲಿ ನೀರು ಕುಡಿದಳು. ಅವಳ ಮಾವ ಮಾಳಿಗೆಯ ಮೇಲೆ ಡಿಶ್ಶಿನ ಧೂಳು ಒರೆಸುತ್ತಾ ಬೇರೆ ಕಡೆ ನೋಡುತ್ತಿದ್ದರು.

ಪೇಢೆ ಚೆನ್ನಾಗಿತ್ತು. ಅಪ್ಪ ಎರಡು ತಿಂದರು.