ಒಂದು ಬೆರಳಲ್ಲಿ ತಿರುಗುವ ಗಾಡಿ

“ಕೆರೆ ಏರಿ ಮ್ಯಾಲೆ ಹೋಯ್ತಾ ಇದ್ದೆ ಕಣ್ರಪ್ಪ. ಜೋರಾಗೇನೂ ಇಲ್ಲ, ಮೂರನೇ ಗೇರು. ಹಿಂದ್ಗಡೆ ಸೀಟ್ನಾಗೆ ಶಿವರುದ್ರಮ್ಮಾರು ಕೂತ್ಕಂಡು ಮೊಮ್ಮಗಳಿಗೆ ಗಂಡು ನೋಡಕ್ಕೋದ ವಿಚಾರ ಹೇಳ್ತಾ ಇದ್ರು, ನಾನು ಹೂಂ ಹೂಂ ಅಂತಿದ್ದೆ. ತೂಬು ದಾಟಿದ ಮ್ಯಾಲೆ ಎಡಕ್ಕೊಂದು ತಿರುವು ಐತಲ್ಲ, ಅಲ್ಲಿ ತಿರುಗಿಸ್ದೆ. ತಿರುಗ್ನಿಲ್ಲ. ಆ ಹಳದಿ ದೀಪ ಹತ್ಕಂಡಿತ್ತು. ಮೊದ್ಲೆಲ್ಲಾ ದೀಪ ಹತ್ಕಂಡ್ರೆ ಸ್ಟೇರಿಂಗು ಗಟ್ಟಿ ಆಗ್ತಿತ್ತು, ಎಳುದ್ರೆ ಬತ್ತಿತ್ತು. ಅವತ್ತು ಎದೆ ಕೊಟ್ಟು ಎಳುದ್ರೂ ಬರ್ನಿಲ್ಲ, ಒರಳುಕಲ್ಲು ಹಿಡ್ಕಂಡಂಗಿತ್ತು. ಬ್ರೇಕು ತುಳುದೆ. ತುಳಿಯೋ ಹೊತ್ಗೆ ಮುಂದಿನ ಗಾಲಿ ಏರಿ ಬುಟ್ಟು ಇಳಿದಿತ್ತು. ಆಮ್ಯಾಕೆ ತೆಂಗಿನ ಮರ. ನಾನು ತೂಕಡಿಸ್ತಿರ್ನಿಲ್ಲ ಕಣ್ರಪ್ಪ. ಕುಡಿಯೋ ಚಾಳಿ ನಂಗಿಲ್ಲ ಅಂತ ನಿಮಗೂ ಗೊತ್ತು. ತೂಕಡಿಸಿದ್ರೆ ತೂಕಡಿಸ್ದೆ ಅಂತ ಒಪ್ಕಂಡು ಶಿವರುದ್ರಮ್ಮಾರ ಕಾಲು ಹಿಡ್ಕಂತಿದ್ದೆ. ನನ್ನ ಎರಡು ಕೈನೂ ಅದರ ಮ್ಯಾಲೇ ಇದ್ವು. ಅದು ನನ್ನ ಮಾತು ಕೇಳ್ನಿಲ್ಲ.”

ಮಾಯಸಂದ್ರದ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಮಾರಯ್ಯ ಇದನ್ನು ಹೇಳುತ್ತಿದ್ದ. ಮದುವೆ ಮನೆಯ ಪಂಕ್ತಿಯಲ್ಲಿ ಹೇಳುತ್ತಿದ್ದ, ಹಾಲಿನ ಡೈರಿಯ ಮುಂದೆ ಕ್ಯಾನು ಕೆಳಗಿಟ್ಟು ಹೇಳುತ್ತಿದ್ದ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿಯಿಲ್ಲ. ಕೇಳಿದವರು ತಲೆ ಆಡಿಸುತ್ತಿದ್ದರು. ಅವನು ಅತ್ತ ತಿರುಗಿದ ಮೇಲೆ ಯಾರಾದರೊಬ್ಬರು, “ಅದು ಸರಿ ಬುಡು, ತೆಂಗಿನ ಮರನೇ ರೋಡಿಗೆ ಬಂದಿರ್ಬೇಕು” ಎನ್ನುತ್ತಿದ್ದರು. ಆ ಮಾತು ಅವನ ಕಿವಿಗೂ ಬೀಳುತ್ತಿತ್ತು. ಕಿವಿ ಚುರುಕು ಮಾರಯ್ಯನಿಗೆ. ಗಾಡಿ ಓಡಿಸುವವನಿಗೆ ಕಿವಿಯೇ ಅರ್ಧ ಜೀವ ತಾನೆ.

ಮಾಯಸಂದ್ರದಿಂದ ಒಳಕ್ಕೆ ಹೋದರೆ ಅವನ ಊರು. ಅಪ್ಪನಿಂದ ಬಂದ ಸಣ್ಣ ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ಎರಡು ಹಸು. ತೋಟವನ್ನು ಹೆಂಡತಿ ಹೊಂಬಾಳಮ್ಮನ ಕೈಗೆ ಬಿಟ್ಟು ಮಾರಯ್ಯ ಮೀಸೆ ಮೂಡುವ ಕಾಲದಿಂದಲೂ ಗಾಡಿ ಹಿಡಿದವನು. ಬಹಳ ವರ್ಷ ಒಂದು ಹಳೇ ಮೆಟಡೋರ್ ಓಡಿಸಿದ. ಅದರಲ್ಲಿ ಊರವರ ಕೊಬ್ಬರಿ ತಿಪಟೂರು ಮಾರುಕಟ್ಟೆಗೆ ಹೋಗುತ್ತಿತ್ತು. ನೋವು ಬಂದ ಬಸುರಿಯರು, ಹಾವು ಕಚ್ಚಿದವರು, ಪರೀಕ್ಷೆಗೆ ತಡವಾದ ಹುಡುಗಿಯರು, ಎಲ್ಲರೂ ಅದರಲ್ಲೇ ಹೋಗುತ್ತಿದ್ದರು. ಆ ಊರಿನ ಎಷ್ಟೋ ಮಕ್ಕಳು ತಾಯಿ ಹೊಟ್ಟೆಯಲ್ಲಿದ್ದಾಗಲೇ ಮಾರಯ್ಯನ ಗಾಡಿ ಹತ್ತಿದವರು. “ಮಾರಣ್ಣ ಇದ್ದಾನೆ ಬುಡು” ಎನ್ನುವುದು ಅಲ್ಲಿಯ ಹೆಂಗಸರಿಗೆ ಒಂದು ಧೈರ್ಯ. ಅವನಿಗೆ ಬೇರೆ ಆಸ್ತಿ ಅಂತ ಇದ್ದರೆ ಅದೊಂದೇ.

ಆ ಮೆಟಡೋರಿನ ಸ್ಟೇರಿಂಗು ಎಳೆದು ಎಳೆದು ಅವನ ಬಲಭುಜ ಸೋತಿತು. ಅನ್ನದ ತುತ್ತು ಎತ್ತುವಾಗಲೂ ಮುಖ ಕಿವುಚುತ್ತಿದ್ದ. ಆಗ ಹೊಂಬಾಳಮ್ಮನ ತಮ್ಮ ಶಿವಮೂರ್ತಿ ತುಮಕೂರಿನ ಒಂದು ಕಾರು ಷೋರೂಮಿನಲ್ಲಿ ಸರ್ವೀಸು ಕಡೆ ಕೆಲಸಕ್ಕಿದ್ದ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆಯ ಹುಡುಗ. ತುರುವೇಕೆರೆಯಲ್ಲಿ ಐಟಿಐ ಓದುವಾಗ ಅಕ್ಕನ ಮನೆಯಲ್ಲೇ ಇದ್ದು, ಭಾವನ ಮೆಟಡೋರಿನಲ್ಲೇ ಗೇರು ಹಾಕುವುದು ಕಲಿತವನು. ಅವನೇ ಬಂದು, “ಭಾವ, ಪವರ್ ಸ್ಟೇರಿಂಗ್ ಗಾಡಿ ತಗೊ. ಒಂದೇ ಬೆರಳು ಸಾಕು” ಎಂದ.

ಎರಡು ಸಾವಿರದ ಆರನೇ ಇಸವಿಯಲ್ಲಿ ಮೆಟಡೋರು ಹೋಗಿ ಕಾರು ಬಂತು. ಅಂಗಳದಲ್ಲಿ ನಿಲ್ಲಿಸಿ, ಮಾರಯ್ಯ ಕಿರುಬೆರಳಲ್ಲಿ ಸ್ಟೇರಿಂಗು ತಿರುಗಿಸಿ ತೋರಿಸಿದ. ಗಾಲಿಗಳು ಹೇಳಿದ ಮಾತು ಕೇಳುವ ಕರುಗಳ ಹಾಗೆ ಅತ್ತ ಇತ್ತ ಹೊರಳಿದವು. ಅವನು ಬಾಯ್ತುಂಬ ನಕ್ಕ.

“ನಂಗೆ ತಾಳಿ ಕಟ್ಟುವಾಗ ಇಷ್ಟು ನಗು ಇರ್ನಿಲ್ಲ ನಿಮ್ಮ ಮುಖದಾಗೆ” ಎಂದಳು ಹೊಂಬಾಳಮ್ಮ.

“ನೀನು ಒಂದು ಬೆರಳಿಗೆ ತಿರುಗ್ತಿದ್ಯೇನೇ?”

ಆ ಕಡೆ ಜನಕ್ಕೆ ಒಂದು ಅಭ್ಯಾಸ. ಯಾರ ಮನೆಗೆ ಹೋದರೂ, ಯಾವ ಆಫೀಸಿಗೆ ಹೋದರೂ ಬರಿಗೈಯಲ್ಲಿ ಹೋಗುವುದಿಲ್ಲ, ಚೀಲದಲ್ಲಿ ನಾಕು ಕಾಯಿ ಇರಲೇಬೇಕು. ಮನೆಗೆ ಬಂದವರು ಹೊರಡುವಾಗಲೂ ಅಷ್ಟೇ, ಕಾಯಿ ಕೊಡದೆ ಕಳಿಸಿದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಮಾರಯ್ಯ ಸರ್ವೀಸಿಗೆ ತುಮಕೂರಿಗೆ ಹೋದಾಗಲೆಲ್ಲ ಡಿಕ್ಕಿಯಲ್ಲಿ ಒಂದು ಚೀಲ ಕಾಯಿ ಇರುತ್ತಿತ್ತು. ಗಾಡಿ ತೊಳೆಯುವವರಿಗೆ, ಮೆಕ್ಯಾನಿಕ್ಕುಗಳಿಗೆ, ಗಾಜಿನ ರೂಮಿನಲ್ಲಿ ಕೂರುವ ಸಾಹೇಬರಿಗೆ. ಮಿಕ್ಕಿದ್ದು ಶಿವಮೂರ್ತಿಯ ಮನೆಗೆ. ಮಾರಯ್ಯನ ಗಾಡಿ ಗೇಟಿನೊಳಕ್ಕೆ ಬಂದರೆ ಹುಡುಗರು, “ಕಾಯಿ ಯಜಮಾನ್ರು ಬಂದ್ರು ಕಣ್ಲಾ” ಎಂದು ಓಡಿ ಬರುತ್ತಿದ್ದರು.

ಒಂದು ವರ್ಷ ಕಳೆದ ಮೇಲೆ ಹಳದಿ ದೀಪದ ಕಾಟ ಶುರುವಾಯಿತು. ಇದ್ದಕ್ಕಿದ್ದ ಹಾಗೆ ದೀಪ ಹತ್ತುವುದು, ಸ್ಟೇರಿಂಗು ಬಿಗಿಯುವುದು. ಗಾಡಿ ನಿಲ್ಲಿಸಿ ಬೀಗದ ಕೈ ತಿರುಗಿಸಿ ಮತ್ತೆ ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ಹಗುರ. ಮಾರಯ್ಯ ಷೋರೂಮಿಗೆ ಹೋದ. ಶಿವಮೂರ್ತಿ ಗಾಡಿಗೆ ಅದೇನೋ ಪೆಟ್ಟಿಗೆಯ ವೈರು ಚುಚ್ಚಿ ನೋಡಿ, “ಏನೂ ಇಲ್ಲ ಭಾವ. ಒಂದ್ಸಲ ಆಫ್ ಮಾಡಿ ಆನ್ ಮಾಡು, ಸರಿ ಹೋಗ್ತದೆ” ಎಂದ. ಮತ್ತೆ ಹತ್ತಿತು, ಮತ್ತೆ ಹೋದ. “ಏನೂ ಇಲ್ಲ ಭಾವ.” ಹಾಗೆ ಎಷ್ಟೋ ಸಲ. ನಮ್ಮ ಹುಡುಗನೇ ಹೇಳುವಾಗ ಇನ್ನೊಬ್ಬರನ್ನು ಕೇಳುವುದೇನು ಎಂದುಕೊಂಡು ಮಾರಯ್ಯ ಕಾಯಿಚೀಲ ಇಳಿಸಿ ವಾಪಸು ಬರುತ್ತಿದ್ದ.

ಯುಗಾದಿ ಆದ ಮೇಲೆ, ಪಕ್ಕದ ಮನೆ ಶಿವರುದ್ರಮ್ಮನನ್ನು ಕಣ್ಣು ತೋರಿಸಲು ತಿಪಟೂರಿಗೆ ಕರೆದೊಯ್ಯುವಾಗ ಗಾಡಿ ಏರಿಯಿಂದ ಇಳಿಯಿತು. ಮಾರಯ್ಯನ ಹಣೆಗೆ ಗಾಯ. ಶಿವರುದ್ರಮ್ಮನ ಕೈ ಮುರಿಯಿತು, ಕೂಡಿದಾಗ ಸೊಟ್ಟಗೆ ಕೂಡಿತು. ಅವಳು ಪಾಪ ಕಿಟಕಿಯಾಚೆ ನೋಡಿಕೊಂಡು ಮಾತಾಡುತ್ತಿದ್ದವಳು. “ಏನಾಯ್ತೋ ಕಾಣ್ನಿಲ್ಲ ಕಣಪ್ಪ, ಮಾರಣ್ಣ ಹೂಂ ಅನ್ನೋದು ನಿಲ್ಲಿಸ್ದ, ಗಾಡಿ ಕೆಳಗಿತ್ತು” ಎಂದಳು. ಇದ್ದದ್ದನ್ನೇ ಹೇಳಿದ್ದಳು. ಆದರೆ ಊರು ಅದನ್ನೇ ಹಿಡಿದುಕೊಂಡಿತು. ಹೂಂ ಅನ್ನುವುದು ನಿಂತಿತಂತೆ, ಅಂದರೆ ಮಲಗಿದ್ದ.

ಗಾಡಿಯನ್ನು ಎಳೆಸಿಕೊಂಡು ತುಮಕೂರಿಗೆ ಒಯ್ದರು. ಗಾಜಿನ ರೂಮಿನ ಸಾಹೇಬರು ಈಚೆ ಬಂದು ಮುಂಭಾಗ ನೋಡಲಿಲ್ಲ, ನೇರವಾಗಿ ಹಿಂದಕ್ಕೆ ಹೋಗಿ ಡಿಕ್ಕಿ ತೆಗೆಸಿದರು. ಮೂಲೆಮೂಲೆಯಲ್ಲಿ ತೆಂಗಿನ ನಾರು, ಒಡೆದ ಕಾಯಿಯ ನೀರು ಒಣಗಿದ ಕಲೆ.

“ಇದರಲ್ಲಿ ಕಾಯಿ ಲೋಡ್ ಮಾಡ್ತಾರೇನ್ರಿ ಶಿವಮೂರ್ತಿ?”

ಶಿವಮೂರ್ತಿ ಭಾವನ ಕಡೆ ನೋಡಲಿಲ್ಲ. “ಹೂಂ ಸಾರ್. ಕಾಯಿ ಹಾಕ್ತಾರೆ.”

“ಮತ್ತೆ? ಭಾರ ಹೊತ್ತು ಹೊತ್ತು ಸ್ಟೇರಿಂಗ್ ಹೋಗಿದೆ. ಇದಕ್ಕೆ ಗ್ಯಾರಂಟಿ ಬರೋದಿಲ್ಲ. ಗಾಡಿಯಲ್ಲಿ ದೋಷ ಇಲ್ಲ, ಓಡಿಸಿದೋರದ್ದು.”

ಆ ಸಾಹೇಬರು ಹಿಂದಿನ ತಿಂಗಳು ಒಯ್ದ ಕಾಯಿಯ ನಾರೂ ಅದರಲ್ಲಿತ್ತು. ಮಾರಯ್ಯನ ಬಾಯಿಗೆ ಮಾತು ಬಂತು, ನುಂಗಿಕೊಂಡ. ಕೊಟ್ಟದ್ದನ್ನು ಎತ್ತಿ ಆಡುವುದು ಅವನ ಮನೆತನದಲ್ಲಿ ಇರಲಿಲ್ಲ. ಹುಡುಗನಿಗೂ ಹೆಂಡತಿ ಮಕ್ಕಳಿದ್ದಾರೆ, ಸಾಹೇಬರ ಮುಂದೆ ಇನ್ನೇನು ಹೇಳಿಯಾನು ಎಂದು ಅವನೇ ಸಮಾಧಾನ ಮಾಡಿಕೊಂಡ.

ತುರುವೇಕೆರೆಯ ಗ್ಯಾರೇಜಿನಲ್ಲಿ ಗಾಡಿಯ ಮೂತಿ ಸರಿ ಮಾಡಿದರು. ಸ್ಟೇರಿಂಗಿನ ಮೋಟರು ತಮಗೆ ಬಗೆಹರಿಯದು ಎಂದು ಅದರ ವೈರನ್ನೇ ತೆಗೆದು ಹಾಕಿದರು. ಒಂದು ಬೆರಳಿನ ಗಾಡಿ ಮೆಟಡೋರಿಗಿಂತ ಬಿಗಿಯಾಯಿತು. ಭುಜದ ನೋವು ಮರಳಿ ಬಂತು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಒಂದು ಬೆಳಿಗ್ಗೆ ಎದುರು ಬೀದಿಯ ಸೊಸೆಗೆ ನೋವು ಕಾಣಿಸಿಕೊಂಡಾಗ, ಮಾರಯ್ಯ ಅಂಗಿ ತೊಟ್ಟು ಬೀಗದ ಕೈ ಹಿಡಿದು ಜಗಲಿಯಲ್ಲಿ ನಿಂತಿದ್ದ. ಅವನ ಮುಂದೆಯೇ ಮಾಯಸಂದ್ರದಿಂದ ಕರೆಸಿದ ಬಾಡಿಗೆ ಕಾರು ಹಾದು ಹೋಯಿತು. ಸೊಸೆಯ ಪಕ್ಕ ಕೂತಿದ್ದ ಅತ್ತೆ ಅವನನ್ನು ಕಂಡು ಕಿಟಕಿಯ ಗಾಜು ಏರಿಸಿಕೊಂಡಳು.

ಮಳೆಗಾಲ ಮುಗಿಯುವ ಹೊತ್ತಿಗೆ ಮಾರಯ್ಯ ತನ್ನ ಕೊಬ್ಬರಿ ಹಾಕಿಕೊಂಡು ತಿಪಟೂರು ಮಾರುಕಟ್ಟೆಗೆ ಹೋಗಿದ್ದ. ಬೋರನಕಣಿವೆ ಕಡೆಯ ಈರಣ್ಣ ಸಿಕ್ಕ. ಅವನದ್ದೂ ಅದೇ ಕಂಪನಿಯ ಅದೇ ಗಾಡಿ, ಅದೇ ಷೋರೂಮಿನಲ್ಲಿ ತಂದದ್ದು. ಮಾರಯ್ಯ ತನ್ನ ಕಥೆ ಶುರು ಮಾಡಿದ. ಹಳದಿ ದೀಪ ಎಂದ ಕೂಡಲೇ ಈರಣ್ಣ ತಡೆದ.

“ಅಯ್ಯೋ, ನಂದೂ ಹಂಗೇ ಆಗಿತ್ತು ಕಣಪ್ಪ. ಹೋಗಿ ಷೋರೂಮ್ನಾಗೆ ಕೂಗಾಡ್ದೆ. ಪೇಪರ್ನೋರ್ನ ಕರೀತೀನಿ, ನಿಮ್ಮ ಬಾಗ್ಲಲ್ಲೇ ಮಲಗ್ತೀನಿ ಅಂದೆ. ಹೊಸ ಮೋಟರು ಹಾಕಿ ಕೊಟ್ರು, ಪುಕ್ಕಟೆ. ಕಂಪನೀಲೇ ಆ ಮೋಟರು ಸರಿ ಬಂದಿಲ್ವಂತೆ, ಎಲ್ಲಾ ಗಾಡೀದೂ ವಾಪಸ್ ಕರಿಸ್ಬೇಕಂತೆ, ಆದ್ರೆ ಮೋಟರು ಸಾಕಷ್ಟು ಬಂದಿಲ್ವಂತೆ. ಯಾರ್ಗೂ ಹೇಳ್ಬೇಡಿ ಯಜಮಾನ್ರೆ ಅಂದ ಆ ಹುಡುಗ.”

“ಯಾವ ಹುಡುಗ?”

“ಶಿವಮೂರ್ತಿ ಅಂತ. ಕಂದಿಕೆರೆಯೋನು.”

“ಯಾವಾಗ?”

“ಅವರೆಕಾಯಿ ಕಾಲ. ಸಂಕ್ರಾಂತಿಗೆ ಮುಂಚೆ.”

ಸಂಕ್ರಾಂತಿಗೆ ಮುಂಚೆ. ಗಾಡಿ ಏರಿಯಿಂದ ಇಳಿದದ್ದು ಯುಗಾದಿ ಆದ ಮೇಲೆ. ಸಂಕ್ರಾಂತಿಗೆ ಶಿವಮೂರ್ತಿ ಅಕ್ಕನ ಮನೆಗೆ ಬಂದು, ಎಳ್ಳು ಬೆಲ್ಲ ತಿಂದು, ಇದೇ ಗಾಡಿಯಲ್ಲಿ ಬಸ್ ಸ್ಟ್ಯಾಂಡಿನವರೆಗೆ ಭಾವನ ಪಕ್ಕದಲ್ಲಿ ಕೂತು ಹೋಗಿದ್ದ. ಆಗಲೂ ದೀಪ ಹತ್ತಿತ್ತು. “ಆಫ್ ಮಾಡಿ ಆನ್ ಮಾಡು ಭಾವ” ಎಂದಿದ್ದ.

ಮಾರಯ್ಯ ಮನೆಗೆ ಬಂದು ಹೆಂಡತಿಗೆ ಇಷ್ಟನ್ನೂ ಹೇಳಿದ. ಹೊಂಬಾಳಮ್ಮ ಮೊರ ಕೆಳಗಿಟ್ಟು ಕೇಳಿದಳು. ಆವತ್ತಿನಿಂದ ಅವನು ಟೀ ಅಂಗಡಿಯಲ್ಲಿ ಕಥೆ ಹೇಳುವುದನ್ನು ಬಿಟ್ಟ. ಈರಣ್ಣನ ಮಾತು ಸೇರಿಸಿ ಹೇಳಬೇಕಾದರೆ ಹೆಂಡತಿಯ ತಮ್ಮನ ಹೆಸರು ಬೀದಿಗೆ ಬರುತ್ತಿತ್ತು.

ಕಾರ್ತೀಕದಲ್ಲಿ ಶಿವಮೂರ್ತಿ ತಾನೇ ಬಂದ. ಕೈಯಲ್ಲಿ ಯಾವಾಗಿನ ಖಾಲಿ ಚೀಲ, ಅಕ್ಕನ ಮನೆಯಿಂದ ಕಾಯಿ ಒಯ್ಯಲು ತರುತ್ತಿದ್ದ ಅದೇ ಚೀಲ. ಅಕ್ಕ ಊಟಕ್ಕೆ ಬಡಿಸಿದಳು. ಮುದ್ದೆ ಮುಗಿಸಿ ಕೈ ತೊಳೆದು ಬಂದು ಜಗಲಿಯಲ್ಲಿ ಕೂತ. “ಒಳ್ಳೇ ಸುದ್ದಿ ಭಾವ. ಕಂಪನಿಯೋರು ಎಲ್ಲಾ ಗಾಡೀನೂ ಕರೆಸ್ತಾವ್ರೆ. ಸ್ಟೇರಿಂಗ್ ಮೋಟರು ಬದಲಾಯಿಸಿ ಕೊಡ್ತಾರೆ. ನಿಂದೂ ನಂಬರು ಬಂದೈತೆ. ತಗಂಡು ಬಾ.”

“ಗಾಡೀಲಿ ದೋಷ ಇಲ್ಲ ಅಂದ್ರಲ್ಲಪ್ಪ ನಿಮ್ಮ ಸಾಹೇಬ್ರು.”

“ದೋಷ ಅಂತಲ್ಲ ಭಾವ. ಮುಂಜಾಗ್ರತೆ ಅಂತ.”

“ಈರಣ್ಣಂಗೂ ಮುಂಜಾಗ್ರತೇನಾ? ಸಂಕ್ರಾಂತಿಗೆ ಮುಂಚೆ?”

ಶಿವಮೂರ್ತಿಯ ಮುಖ ಇಳಿಯಿತು. ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ. ಅಡಿಗೆ ಮನೆಯಲ್ಲಿ ತಟ್ಟೆ ತೊಳೆಯುವ ಸದ್ದು ನಿಂತಿತು.

“ಮೊದ್ಲು ಬಂದಿದ್ದು ಸ್ವಲ್ಪಾನೇ ಮೋಟರು. ಗಲಾಟೆ ಮಾಡಿದೋರ್ಗೆ ಹಾಕಿ ಬಾಯಿ ಮುಚ್ಸಿ ಅಂದ್ರು. ನೀನು ಗಲಾಟೆ ಮಾಡೋನಲ್ಲ. ನಮ್ಮೋನು, ಕಾಯ್ತಾನೆ ಅಂದ್ಕಂಡೆ ಭಾವ. ಹಿಂಗಾಗ್ತದೆ ಅಂತ ನಂಗೇನು ಗೊತ್ತು.”

ಕೂಗಾಡಿದವನಿಗೆ ಮೋಟರು, ಕಾಯಿ ಕೊಟ್ಟವನಿಗೆ ಏರಿ. ಹೊರಗಿನವನಾಗಿದ್ದರೆ ಉಳಿಯುತ್ತಿದ್ದೆ ಎಂದು ಮಾರಯ್ಯನಿಗೆ ಅನಿಸಿತು.

“ಗಾಡಿ ತತ್ತೀನಿ. ಮೋಟರು ಹಾಕು. ಅದಕ್ಕೆ ಮುಂಚೆ ಒಂದು ಕೆಲಸ ಮಾಡು. ಪಕ್ಕದ ಮನೇಗೆ ನನ್ನ ಜೊತೆ ಬಂದು ಶಿವರುದ್ರಮ್ಮಾರಿಗೆ ಒಂದು ಮಾತು ಹೇಳು. ಭಾವ ಮಲಗಿರ್ನಿಲ್ಲ, ಗಾಡೀದೇ ದೋಷ ಅಂತ. ಅಷ್ಟೇ. ಮಿಕ್ಕಿದ್ದು ಆಯಮ್ಮನೇ ಊರಿಗೆ ಹೇಳ್ಕಂತಾಳೆ.”

“ಅದೊಂದು ಕೇಳ್ಬೇಡ ಭಾವ. ನಾಳೆ ಆಯಮ್ಮನ ಮಕ್ಕಳು ಕೇಸು ಗೀಸು ಅಂದ್ರೆ ನನ್ನ ಕೆಲಸ ಹೋಯ್ತದೆ. ಎಲ್ಲೂ ದೋಷ ಅಂತ ಅನ್ನಂಗಿಲ್ಲ ನಾವು.”

“ಹತ್ತು ಹೆಜ್ಜೆ ಕಣೋ.”

“ಆಗಕಿಲ್ಲ ಭಾವ.”

ಹೊಂಬಾಳಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, “ಶಿವ, ಸಂಕ್ರಾಂತಿ ದಿನ ಆ ಗಾಡೀಲಿ ನೀನೂ ಕೂತಿದ್ದೆ. ನಿನ್ನ ಭಾವನ್ನ ಬುಡು. ನಿಂಗೆ ನಿನ್ನ ಜೀವದ ಭಯಾನೂ ಆಗ್ನಿಲ್ವೇನೋ?” ಎಂದಳು.

ಅವನು ಬಸ್ಸಿನ ಹೊತ್ತಾಯಿತು ಎಂದ. ಎದ್ದು ಚಪ್ಪಲಿ ಮೆಟ್ಟಿಕೊಂಡು ಅಂಗಳದಲ್ಲಿ ನಿಂತ. ಪ್ರತಿಸಲ ಅವನು ಹಾಗೆ ನಿಂತಾಗ ಅಕ್ಕ ಓಡಿ ಬಂದು ಚೀಲ ಕಿತ್ತುಕೊಂಡು, ಬೇಡ ಬೇಡ ಅಂದಷ್ಟೂ ಕಾಯಿ ತುಂಬುತ್ತಿದ್ದಳು. ಅಟ್ಟದ ಕೆಳಗೆ ಕಾಯಿ ರಾಶಿ ಬಿದ್ದಿತ್ತು, ನಿಂತ ಜಾಗದಿಂದಲೇ ಕಾಣುತ್ತಿತ್ತು. ಹೊಂಬಾಳಮ್ಮ ಬಾಗಿಲಿಂದ ಕದಲಲಿಲ್ಲ. ಶಿವಮೂರ್ತಿ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಚೀಲವನ್ನು ಸಣ್ಣಗೆ ಮಡಿಸಿ ಕಂಕುಳಿಗಿಟ್ಟುಕೊಂಡು ಹೊರಟ. ಮಾರಯ್ಯ ಬಸ್ ಸ್ಟ್ಯಾಂಡಿಗೆ ಬಿಟ್ಟು ಬರುತ್ತೇನೆ ಎನ್ನಲಿಲ್ಲ.

ಪಕ್ಕದ ಜಗಲಿಯಲ್ಲಿ ಶಿವರುದ್ರಮ್ಮ ಸೊಟ್ಟ ಕೈಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. “ಏನ್ ಮಾರಣ್ಣ, ಬಾಮೈದ ಇಷ್ಟು ಬೇಗ ಹೊಂಟ?” ಎಂದಳು.

“ಹೂಂ ಕಣಮ್ಮ” ಎಂದ ಮಾರಯ್ಯ. ಇನ್ನೇನೋ ಹೇಳಲು ಬಾಯಿ ತೆಗೆದು, ಹೆಂಡತಿಯ ಮುಖ ನೋಡಿ, ಜಗಲಿಯಿಂದ ಎದ್ದ.

“ಸಾರಿಗೆ ಸುಲಿದ ಕಾಯಿಲ್ಲ” ಎಂದಳು ಹೊಂಬಾಳಮ್ಮ, ಒಳಕ್ಕೆ ಹೋಗುತ್ತ.

ಅವನು ರಾಶಿಯಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದ. ಹಿತ್ತಲಿಗೆ ಹೋಗಿ, ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ಅದನ್ನು ಚುಚ್ಚಿ, ಎಡಭುಜಕ್ಕೆ ಭಾರ ಕೊಟ್ಟು ಸಿಪ್ಪೆ ಸೀಳಿದ. ತಿರುಗಿಸಿ ಇನ್ನೊಂದು ಸೀಳು. ಸಿಪ್ಪೆಯನ್ನು ಸೌದೆಯ ಪಕ್ಕಕ್ಕೆ ಎಸೆದು, ಜುಟ್ಟು ಬಿಟ್ಟು ನಾರು ಬಿಡಿಸಿ, ಕಾಯಿಯನ್ನು ಅಡಿಗೆ ಮನೆಯ ಕಿಟಕಿಯಿಂದ ಒಳಕ್ಕೆ ಕೊಟ್ಟ.