ಯಾತಕ್ಕೆ ಎಂದು ಕೇಳುತ್ತಿದ್ದ ಟೀಚರ್

ಸುಂಟಿಕೊಪ್ಪದಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಟೀಚರ್ ಯಾವ ವಾಕ್ಯಕ್ಕೂ ಬೇಗ ಟಿಕ್ ಹಾಕುತ್ತಿರಲಿಲ್ಲ. 'ನಾನು ಅಮ್ಮತ್ತಿ ಪೇಟೆಗೆ ಹೋದೆ' ಎಂದು ಇಂಗ್ಲಿಷಿನಲ್ಲಿ ಬರೆದರೆ, ಕನ್ನಡಕವನ್ನು ಹಣೆಗೇರಿಸಿ "ಯಾತಕ್ಕೆ?" ಎನ್ನುತ್ತಿದ್ದರು. 'ಇನ್ ಆರ್ಡರ್ ಟು' ಎಂದೋ 'ಸೋ ದಟ್' ಎಂದೋ ಸೇರಿಸಿ ಉದ್ದೇಶ ಹೇಳುವವರೆಗೆ ಬಿಡುತ್ತಿರಲಿಲ್ಲ.

"ದನ ಕೂಡ ಸುಮ್ನೆ ಹೋಗಲ್ಲ ಮಾರಾಯ್ರೆ, ಹುಲ್ಲಿಗೆ ಹೋಗ್ತದೆ."

ಆಗ ನಾನು ಕಾಫಿ ಎಸ್ಟೇಟಿನಲ್ಲಿ ಹಾಜರಿ ಬರೆದು, ಕೆಲಸದವರನ್ನು ತೋಟದ ಬ್ಲಾಕುಗಳಿಗೆ ಹಂಚಿ ಕಳಿಸುವ ರೈಟರ್. ಆನೆ ಹೊಕ್ಕ ಬ್ಲಾಕಿನ ಗೇಟಿಗೆ ಕೆಂಪು ಬಟ್ಟೆ ಕಟ್ಟುವುದು ನಮ್ಮಲ್ಲಿ ಕ್ರಮ. ಅದನ್ನು ದಾಟಿದವರಿಗೆ ಮರುದಿನದಿಂದ ಕೆಲಸವಿಲ್ಲ. ಒಂದು ಬೆಳಿಗ್ಗೆ ಕಾಫಿ ಹಣ್ಣಿನ ಪಿಕಿಂಗಿಗೆ ಬಂದಿದ್ದ ಹೆಂಗಸೊಬ್ಬಳು ನನ್ನ ಕಣ್ಣೆದುರೇ ಅದನ್ನು ದಾಟಿ ಓಡಿದಳು. ಆನೆ ತಳ್ಳಿ ಅವಳ ಕಾಲು ಮುರಿಯಿತು. ಮಾಲೀಕರು ಇಂಗ್ಲಿಷಿನಲ್ಲಿ ವರದಿ ಕೇಳಿದರು.

ಸಂಜೆ ಅದನ್ನು ಬರೆದು ಟೀಚರಿಗೆ ತೋರಿಸಿದೆ. 'ಅವಳು ಕೆಂಪು ಬಟ್ಟೆ ದಾಟಿ ಒಳಗೆ ಹೋದಳು' ಎಂಬಲ್ಲಿ ಕನ್ನಡಕ ಹಣೆಗೇರಿತು.

"ಯಾತಕ್ಕೆ?"

"ಒಳಗಿದ್ದ ಇಬ್ರನ್ನ ಹೊರಗೆ ಕರೆಯೋಕೆ. ಅವರು ಬಚಾವಾದ್ರು."

"ಅವರು ಯಾತಕ್ಕೆ ಒಳಗಿದ್ರು?"

ನಾನು ಪೆನ್ನನ್ನು ಮೇಜಿನ ಮೇಲಿಟ್ಟೆ.

"ನಾನೇ ಕಳಿಸಿದ್ದೆ, ಟೀಚರ್. ಬಟ್ಟೆ ಕಟ್ಟಿಸುವಾಗ ಅವರು ಒಳಗಿರೋದು ಮರೆತುಹೋಯ್ತು."

ಅವರು ಬೈಯಲಿಲ್ಲ. ಹಾಳೆಯನ್ನೂ ಪೆನ್ನನ್ನೂ ನನ್ನ ಕಡೆ ಸರಿಸಿದರು. "ಬರೀರಿ. ಜಾಗ ಇದೆ."

ಬರೆದೆ. ಅವರು ಎರಡು ಸಲ ಓದಿ ಟಿಕ್ ಹಾಕಿದರು.

ಆ ಹೆಂಗಸಿನ ಕೆಲಸ ಉಳಿಯಿತು, ನನ್ನದು ಹೋಯಿತು. ಕೆಲಸ ಹೋದ ದಿನದ ಸಂಜೆಯೂ ನಾನು ಪುಸ್ತಕ ಹಿಡಿದು ಪಾಠಕ್ಕೆ ಹೋದೆ. ಟೀಚರ್ ಕುರ್ಚಿ ಎಳೆದುಕೊಟ್ಟರು. ಅವತ್ತೊಂದು ದಿನ ಮಾತ್ರ ಯಾತಕ್ಕೆ ಎಂದು ಕೇಳಲಿಲ್ಲ.