ಸೊಟ್ಟ ಕೊಕ್ಕಿಗೊಂದು ಆಳದ ಬಟ್ಟಲು

ಮೂರು ವಾರ ತುಂಬಿದ ಮರಿಯನ್ನು ಅಂಗೈಯಲ್ಲಿ ಹಿಡಿದು ಕೊಕ್ಕನ್ನು ಎದುರಿನಿಂದ ನೋಡಬೇಕು. ಪಕ್ಕದಿಂದ ನೋಡಿದರೆ ಎಲ್ಲ ಮರಿಗಳೂ ಚೆಂದ. ಎದುರಿನಿಂದ ನೋಡಿದಾಗಲೇ ಮೇಲಿನ ಕೊಕ್ಕು ಎಡಕ್ಕೆ, ಕೆಳಗಿನದು ಬಲಕ್ಕೆ ಹೊರಳಿದ್ದು ಕಾಣುವುದು. ಮೊದಲು ಕೂದಲೆಳೆಯಷ್ಟಿರುತ್ತದೆ. ಎರಡು ತಿಂಗಳಾಗುವಷ್ಟರಲ್ಲಿ ಕತ್ತರಿ ತೆರೆದಿಟ್ಟ ಹಾಗೆ. ಅಂಥ ಕೋಳಿ ನೆಲದ ಮೇಲಿನ ಕಾಳು ಹೆಕ್ಕಲಾರದು.

ಶಹಾಪುರದ ಬಸ್ಸು ಬರುವ ಮುಂಚೆ ದಿನಾ ನನಗೆ ಇದೇ ಕೆಲಸ. ನೋಡಿ ಬುಟ್ಟಿಗೆ ಬಿಟ್ಟ ಮರಿಯನ್ನೇ ಮತ್ತೆ ಹಿಡಿದು ನೋಡುತ್ತಿದ್ದೆ. ಶಹಾಪುರದ ಒಂದು ಹೈಸ್ಕೂಲಿನಲ್ಲಿ ನಾನು ಗುಮಾಸ್ತೆ. ವರ್ಗಾವಣೆ ಪತ್ರ ಬರೆಯಲು ಕೂತರೂ ಕಣ್ಣ ಮುಂದೆ ಕೊಕ್ಕುಗಳೇ. ಎದುರಿಗೆ ನಿಂತವರ ಮುಖವನ್ನೂ ಮೂಗಿನ ನೇರಕ್ಕೆ ದಿಟ್ಟಿಸುವ ಚಾಳಿ ಅಂಟಿಕೊಂಡಿತ್ತು.

ಕೋಳಿಗಳು ಅವ್ವನವು. ಸುರಪುರದ ಹತ್ತಿರದ ಹಳ್ಳಿಯಲ್ಲಿ ಅವ್ವ ನನ್ನ ಜೊತೆ ಇದ್ದಾಳೆ, ಅಥವಾ ನಾನು ಅವಳ ಜೊತೆ ಇದ್ದೇನೆ. ಈ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಮದುವೆಯಾಗಿ ಬರುವಾಗ ತವರೂರು ಶಿರವಾಳದಿಂದ ಕರಿ ಕಾಲಿನ, ಮೈತುಂಬ ಬಿಳಿ ಚುಕ್ಕಿಯ ಒಂದು ಹೇಂಟೆ ತಂದಿದ್ದಳಂತೆ. ಫಾರಂ ಕೋಳಿಗಳು ಊರು ತುಂಬಿದ ಮೇಲೂ ನಮ್ಮ ಅಂಗಳದಲ್ಲಿ ಆ ಹೇಂಟೆಯ ಸಂತತಿಯೇ ಕೆದರುತ್ತದೆ. ಅವ್ವ ಒಂದು ಕೋಳಿಯನ್ನೂ ಮಾರಿದವಳಲ್ಲ. ಪಾಲಿಗೆ ಕೊಡುತ್ತಿದ್ದಳು. ಕೇಳಿದವರ ಮನೆಗೆ ಹೇಂಟೆ ಹೋಗುವುದು, ಅಲ್ಲಿ ಮರಿ ಮಾಡುವುದು, ಅರ್ಧ ಮರಿ ಸಾಕಿದವರಿಗೆ, ಅರ್ಧ ನಮಗೆ. ಹಾಗೆ ಹೋದ ಕೋಳಿಗಳು ಮತ್ತೊಬ್ಬರಿಗೆ ಪಾಲಿಗೆ ಹೋಗಿ, ಅಲ್ಲಿಂದ ಇನ್ನೊಂದೂರಿಗೆ ದಾಟಿ, ಅವ್ವನ ಲೆಕ್ಕವನ್ನೂ ಮೀರಿದ್ದವು.

ಸೊಟ್ಟ ಕೊಕ್ಕು ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿಲ್ಲ. ಉಳಿದದ್ದು ಯಾಕೆಂದು ನನಗೆ ಗೊತ್ತು. ಬೇರೆ ಮನೆಯಲ್ಲಾದರೆ ಅಂಥ ಮರಿ ಹಸಿದು ಸಾಯುತ್ತಿತ್ತು. ಅವ್ವನ ಹತ್ತಿರ ಅಂಚು ಸೊಟ್ಟಗಾದ ಒಂದು ಆಳದ ಅಲ್ಯೂಮಿನಿಯಂ ಬಟ್ಟಲಿತ್ತು. ಅದರ ತುಂಬ ನೆನೆಸಿದ ಜೋಳದ ನುಚ್ಚು ಹಾಕಿದರೆ ಸೊಟ್ಟ ಕೊಕ್ಕಿನದೂ ಮುಖ ಅದ್ದಿ ಬಾಚಿಕೊಂಡು ತಿನ್ನುತ್ತದೆ. ತಿಂದು ಬೆಳೆದು ತತ್ತಿಯನ್ನೂ ಇಡುತ್ತದೆ. ಆ ತತ್ತಿಗಳನ್ನು ಅವ್ವ ಕಾವಿಗೆ ಇಡುವಳು.

"ಅದರ ತತ್ತಿ ಇಡಬ್ಯಾಡ ಅಂತ ಎಷ್ಟ ಸರ್ತಿ ಹೇಳಲಿ?" ಎಂದರೆ, "ಮೂತಿ ಸೊಟ್ಟ ಅದ, ಖರೆ. ತತ್ತಿ ನೆಟ್ಟಗ ಅದಲ್ಲ?" ಎನ್ನುವಳು.

ಸುರಪುರದ ದನದ ದವಾಖಾನೆಯ ಡಾಕ್ಟರು ನನಗೆ ತಾಳ್ಮೆಯಿಂದ ಬಿಡಿಸಿ ಹೇಳಿದ್ದರು. ಕೊಕ್ಕು ನೆಟ್ಟಗಿದ್ದ ಕೋಳಿಯ ಒಳಗೂ ಈ ದೋಷ ಅಡಗಿರಬಹುದು; ಅಂಥ ಹುಂಜ, ಅಂಥ ಹೇಂಟೆ ಕೂಡಿದಾಗ ಕೆಲವು ಮರಿಗಳಲ್ಲಿ ಹೊರಬೀಳುತ್ತದೆ. ಹೊರಗಿನ ರಕ್ತದ ಹುಂಜ ತರಬೇಕು. ತಂದದ್ದನ್ನು ಮೊದಲು ಸೊಟ್ಟ ಕೊಕ್ಕಿನ ಹೇಂಟೆಯ ಜೊತೆಗೇ ಬಿಟ್ಟು ನೋಡಬೇಕು. ಒಂದು ಮರಿ ಸೊಟ್ಟಗಾದರೂ ಆ ಹುಂಜ ಬೇಡ. "ಅಲ್ಲೀತನಕಾ ಅದರ ಮರಿ ಯಾರಿಗೂ ಕೊಡಬ್ಯಾಡ್ರಿ," ಎಂದಿದ್ದರು.

ಹುಂಜ ಹುಡುಕಲು ರಜೆಯ ದಿನಗಳನ್ನೆಲ್ಲ ಸುರಿದೆ. ವಡಗೇರಾಕ್ಕೆ ಹೋದರೆ ದೂರದ ಸಂಬಂಧಿಕರ ಅಂಗಳದಲ್ಲಿ ಅದೇ ಚುಕ್ಕಿ ಮೈ. ಕೊನೆಗೆ ರಾಮಸಮುದ್ರದಲ್ಲಿ ಒಬ್ಬ ರೈತ ಹೆಣ್ಣುಮಗಳ ಮನೆಯಲ್ಲಿ ಕೆಂಪು ಮೈಯ, ಎದೆ ಎತ್ತಿ ನಡೆಯುವ ಹುಂಜ ಸಿಕ್ಕಿತು. ಚುಕ್ಕಿಯ ಸುಳಿವಿಲ್ಲ. ಆದರೂ ಖಾತ್ರಿ ಬೇಕಲ್ಲ, ಹೆಣ್ಣು ಕೊಡುವವರ ಹಾಗೆ ಕೂತು ಆ ಮನೆಯವರ ಕುಲ-ಬೆಡಗು ಕೇಳಿದೆ, ತವರು ಕೇಳಿದೆ, ಬೀಗರು ಯಾರೆಂದು ಕೇಳಿದೆ. ಎಲ್ಲಿಯೂ ನಮ್ಮವರ ಸಂಬಂಧ ಬರಲಿಲ್ಲ. ನಿರಾಳವಾಯಿತು. ಆ ಹುಂಜದ ತಾಯಿ ಯಾರ ಪಾಲಿನ ಕೋಳಿ ಎಂದು ಕೇಳಬೇಕೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಚೀಲದಿಂದ ತಲೆ ಹೊರಗೆ ಬಿಟ್ಟು ಬಸ್ಸಿನಲ್ಲಿ ತಂದೆ. ದಾರಿಯುದ್ದಕ್ಕೂ ಅದು ಕಂಡಕ್ಟರನ ಮೇಲೆ ಕಣ್ಣಿಟ್ಟಿತ್ತು.

ಅವ್ವ ಹುಂಜವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕಾಲು ನೋಡಿದಳು, ಬೆನ್ನು ಸವರಿದಳು. "ಚಲೋ ಅದ," ಎಂದಳು, ಅಷ್ಟೇ. ನನ್ನ ಬುದ್ಧಿವಂತಿಕೆಗೆ ಅಷ್ಟು ಸಣ್ಣ ಮಾತೇ ಎಂದು ಸಿಟ್ಟು ಬಂತು.

ಸೊಟ್ಟ ಕೊಕ್ಕಿನ ಹೇಂಟೆ ಆಗ ತತ್ತಿ ನಿಲ್ಲಿಸಿತ್ತು. ಕಾಯಬೇಕಿತ್ತು. ನಾನು ಕಾಯುವ ಜಾಯಮಾನದವಳಲ್ಲ. ಬೇರೆ ಹೇಂಟೆಗಳ ಜೊತೆ ಬಿಟ್ಟೆ. ಎರಡು ಸಲ ಮರಿಯಾದವು, ಎಲ್ಲವೂ ನೆಟ್ಟಗಿದ್ದವು. ಊರ ಕೊನೆಯ ಓಣಿಯಲ್ಲಿ ಕೂಲಿಗೆ ಹೋಗುವ ಒಬ್ಬಳಿದ್ದಾಳೆ. ಮಕ್ಕಳಿಗೆ ದಿನಾ ಒಂದೊಂದು ತತ್ತಿ ಸಿಗಲಿ ಎಂದು ಕೋಳಿ ಸಾಕುವ ಆಸೆ ಅವಳಿಗೆ. ನಮ್ಮ ಎರಡು ಹೇಂಟೆ, ಹೊಸ ಹುಂಜದ ಒಂದು ಮಗ, ಮೂರನ್ನೂ ಅವಳಿಗೆ ಪಾಲಿಗೆ ಕೊಟ್ಟೆ. "ಕೊಕ್ಕಿಂದು ಏನೂ ತ್ರಾಸ ಇಲ್ಲಲ್ರಿ ಅಕ್ಕಾರ?" ಎಂದು ಅವಳು ಕೇಳಿದ್ದಳು. "ನನ್ನ ಮಾತಿನ ಮ್ಯಾಲ ಒಯ್ಯಿ," ಎಂದಿದ್ದೆ.

ಸೊಟ್ಟ ಕೊಕ್ಕಿನ ಹೇಂಟೆ ಮತ್ತೆ ತತ್ತಿಗೆ ಬಂತು. ಅವ್ವ ಕಾವಿಗೆ ಇಟ್ಟಳು. ಪರೀಕ್ಷೆಯಾಗಲಿ ಎಂದು ಈ ಸಲ ನಾನೂ ಸುಮ್ಮನಿದ್ದೆ. ಒಂಬತ್ತು ಮರಿ ಹೊರಬಂದವು. ಮೂರನೆಯ ವಾರ ಎದುರಿನಿಂದ ನೋಡಿದಾಗ ನಾಲ್ಕರ ಕೊಕ್ಕು ಹೊರಳಿತ್ತು.

"ಹೊರಗಿನ ಹುಂಜದಾಗೂ ಇದೇ ದೋಷ ಹ್ಯಾಂಗ ಬಂತು?" ಎಂದು ಅಂಗಳದಲ್ಲಿ ಅತ್ತಿಂದಿತ್ತ ಅಲೆದೆ. ಜೋಳ ಹಸನು ಮಾಡುತ್ತಿದ್ದ ಅವ್ವ ಮೊರದಿಂದ ತಲೆ ಎತ್ತಲಿಲ್ಲ.

"ಹೊರಗಿಂದಲ್ಲ ಅದು. ಹಿಂದಿನ ಉಗುರ ನೋಡು. ಕರಿ ಕಾಲಿಗೆ ಅದೊಂದ ಬಿಳಿ. ನಾ ತವರಿಂದ ತಂದ ಹ್ಯಾಂಟಿಗೂ ಹಂಗ ಇತ್ತು. ಯಾರ್ದೋ ಪಾಲಿನ್ಯಾಗ ಆ ಊರಿಗೆ ಹೋಗಿರಬೇಕು."

"ಗೊತ್ತಿದ್ದೂ ಸುಮ್ನಿದ್ದಿಯೇನು?"

"ಬಾಳ ದಿನಕ್ಕ ಮನಿಗೆ ಬಂದಿತ್ತು. ಹೇಳಿದ್ರ ನೀ ಹೊರಗ ಹಾಕ್ತಿದ್ದಿ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರೆಂಬ ಗಾದೆ ನನಗೇ ಮಾಡಿದ್ದು. ಅವ್ವನ ಮೇಲೆ ಹರಿಹಾಯ್ದೆ. ಒಂದು ಮಾತು ಮುಚ್ಚಿಟ್ಟು ಮಂದಿ ಅಂಗಳಾನೂ ಕೆಡಿಸಿದಿ ಎಂದೆ. ಅದೇ ವಾರ ಕೆಂಪು ಹುಂಜವನ್ನು ಕೊಯ್ಯಿಸಿದೆ. ಅವ್ವ ಅಂದು ರೊಟ್ಟಿಗೆ ಖಾರ ಹಚ್ಚಿಕೊಂಡು ಉಂಡಳು. ನನಗೂ ಎರಡನೆಯ ತುತ್ತು ಇಳಿಯಲಿಲ್ಲ.

ಇನ್ನು ಊರ ಕೊನೆಯ ಓಣಿಯ ಆ ಮನೆಗೆ ಹೋಗಿ ನಿಜ ಹೇಳುವುದೊಂದೇ ಉಳಿದಿತ್ತು. ನಾಳೆ ಹೋಗೋಣ ಎಂದುಕೊಂಡೆ. ಆ ನಾಳೆ ಎರಡು ತಿಂಗಳು ಎಳೆಯಿತು. ಅವಳ ಮನೆ ಬಸ್‌ಸ್ಟ್ಯಾಂಡಿನ ದಾರಿಯಲ್ಲೇ ಇದೆ. ನಾನು ಕೆರೆಯ ಕಡೆಯಿಂದ ಸುತ್ತು ಹಾಕಿ ಬರತೊಡಗಿದೆ. ಅವಳ ದನಿ ಕೇಳಿದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಅದಕ್ಕಿಂತ ಹೆಚ್ಚು ಭಯವಾಗುತ್ತಿತ್ತು. ಮನೆಯಲ್ಲಿ ಸಣ್ಣಪುಟ್ಟದ್ದಕ್ಕೂ ಸಿಡುಕು. ಅವ್ವನ ಆಳದ ಬಟ್ಟಲು ಕಾಣದಿದ್ದುದಕ್ಕೂ ಕೂಗಾಡಿದೆ. ಸೊಟ್ಟ ಮರಿಗಳಿಗೆ ಅವಳು ಬೋಗುಣಿಯಲ್ಲಿ ನುಚ್ಚು ಹಾಕುತ್ತಿದ್ದಳು. "ಎಲ್ಲೋ ಇರ್ತದ," ಎಂದಳು.

ಒಂದು ಭಾನುವಾರ ಬೆಳಿಗ್ಗೆ ಕೂರಲೂ ಆಗದೆ ನಿಲ್ಲಲೂ ಆಗದೆ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ. ಅವಳು ಬುದ್ಧನ ಫೋಟೋ ತೂಗುಹಾಕಿದ ಪಡಸಾಲೆಯಲ್ಲಿ ತೊಗರಿ ಕೇರುತ್ತಿದ್ದಳು. "ಬರ್ರಿ ಅಕ್ಕಾರ," ಎಂದು ನಾನು ಕೂರಲು ನೆಲದ ಪರಸಿ ಕಲ್ಲನ್ನು ಸೆರಗಿನಿಂದ ಒರೆಸಿದಳು. ದಾರಿಯಲ್ಲಿ ಜೋಡಿಸಿಕೊಂಡ ಮಾತು ಶುರು ಮಾಡಬೇಕು, ಅಷ್ಟರಲ್ಲಿ ಗೋಡೆಯ ಬುಡದಲ್ಲಿ ಮೂರು ಎಳೆ ಕೋಳಿಗಳು ಕಂಡವು. ಮೂರರ ಕೊಕ್ಕೂ ಸೊಟ್ಟ. ಅವು ಮುಖ ಅದ್ದಿ ತಿನ್ನುತ್ತಿದ್ದುದು ಅಂಚು ಸೊಟ್ಟಗಾದ ಅಲ್ಯೂಮಿನಿಯಂ ಬಟ್ಟಲಿನಲ್ಲಿ.

"ನಿಮ್ಮವ್ವಾರು ಬಂದಿದ್ರು. ಎಲ್ಡ ತಿಂಗಳಾತು," ಎಂದಳು ಅವಳು. "ತಪ್ಪು ನಂದು, ಹುಂಜದ ಗುರ್ತು ಸಿಕ್ಕಿದ್ರೂ ಮಗಳಿಗೆ ಹೇಳಲಿಲ್ಲ ಅಂದ್ರು. ಬಟ್ಟಲಾ ಕೊಟ್ಟು ತಿನಸೂದು ತೋರ್ಸಿ ಹ್ವಾದ್ರು."

ನಾನು ಬಟ್ಟಲಿನ ಸೊಟ್ಟ ಅಂಚನ್ನೇ ನೋಡುತ್ತ ಕಲ್ಲಿನ ಮೇಲೆ ಕೂತೆ.

"ನಮ್ಮಕ್ಕ ಎಲ್ಡ ಮರಿ ಪಾಲಿಗೆ ಕೇಳಿದ್ಳರಿ. ಕೊಡಲಿಲ್ಲ ನಾ. ಈ ಅಂಗಳ ದಾಟಿ ಒಂದೂ ಹೋಗಿಲ್ಲ." ಮೊರ ಕೆಳಗಿಟ್ಟಳು. "ನೀವು ಕೆರಿ ಕಡಿಂದ ಹೋಗೂದು ದಿನಾ ಕಾಣ್ತಿತ್ರಿ. ಇವತ್ತ ಬರ್ತಾರ, ನಾಳಿ ಬರ್ತಾರ ಅಂತ ನೋಡಕತ್ತಿದ್ದೆ."

"ತಪ್ಪಾತು, ತಂಗಿ," ಎಂದೆ. ಎರಡು ತಿಂಗಳು ಹೊತ್ತು ತಿರುಗಿದ ಮಾತು ಅಷ್ಟರಲ್ಲೇ ಮುಗಿಯಿತು.

ಅವಳೇ ಹೋಗಿ ಹುಂಜವನ್ನು ಹಿಡಿದು ತಂದು ನನ್ನ ಕೈಗೆ ಕೊಟ್ಟಳು. ಸೊಟ್ಟ ಕೊಕ್ಕಿನವನ್ನು ಮಾತ್ರ ಬಿಡಿರಿ, ಮಕ್ಕಳಿಗೆ ರೂಢಿಯಾಗಿವೆ, ತತ್ತಿ ತಿಂತೀವಿ, ಕಾವಿಗೆ ಇಡೋದಿಲ್ಲ ಎಂದಳು. ಇದನ್ನೇ ನಾನು ಅವಳಿಗೆ ಹೇಳಿಕೊಡಬೇಕೆಂದು ಬಂದಿದ್ದೆ.

ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ನೇರ ದಾರಿಯಲ್ಲೇ ಮನೆಗೆ ನಡೆದೆ. ಅದರ ಹಿಂದಿನ ಬಿಳಿ ಉಗುರು ದಾರಿಯುದ್ದಕ್ಕೂ ಕೈಗೆ ಚುಚ್ಚುತ್ತಿತ್ತು. ಅವ್ವ ಹೊಸ್ತಿಲ ಹತ್ತಿರ ಕೂತಿದ್ದಳು. ಹುಂಜವನ್ನು ನೋಡಿದಳು, ನನ್ನನ್ನು ನೋಡಿದಳು.

"ಹೋಗಿ ಬಂದಿ?" ಎಂದಳು. ಎಲ್ಲಿಗೆ ಎಂದು ಕೇಳಲಿಲ್ಲ.